ಲೆಕ್ಕಕ್ಕೆ ಸಿಗದ ಮೂರನೆಯವನು

ಪ್ರಶ್ನೆ: ಸೂಪರ್‌ಹೀರೋ ಸಿನಿಮಾ ಬಂದಾಗಲೆಲ್ಲ ಹೈಸ್ಕೂಲಿನಲ್ಲಿರುವ ನನ್ನ ಮಗನಿಗೂ ನನಗೂ ಒಂದೇ ವಾದ. ‘ಸೂಪರ್‌ಮ್ಯಾನ್ ನಿಜ, ಕ್ಲಾರ್ಕ್ ಕೆಂಟ್ ನಾಟಕ. ಬ್ಯಾಟ್‌ಮ್ಯಾನ್ ನಿಜ, ಬ್ರೂಸ್ ವೇನ್ ಅವನ ಮುಖವಾಡ’ ಅನ್ನುತ್ತಾನೆ ಅವನು. ಹೆತ್ತವರು ಇಟ್ಟ ಹೆಸರು ಸುಳ್ಳಾಗಿ, ಮುಖ ಮುಚ್ಚಿಕೊಂಡವನು ನಿಜವಾಗುವುದು ಹೇಗೆ? ಇನ್ನೊಂದು ಅನುಮಾನ: ಒಂದು ಕನ್ನಡಕ ಹಾಕಿಕೊಂಡ ಮಾತ್ರಕ್ಕೆ ಪಕ್ಕದ ಮೇಜಿನವರಿಗೂ ಗುರುತು ಸಿಗುವುದಿಲ್ಲ ಎಂದರೆ ನಂಬಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕನ್ನಡಕದಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೊದಲ ಪ್ರಶ್ನೆಯ ದಾರಿಯೂ ಅಲ್ಲಿಂದಲೇ ಹೊರಡುತ್ತದೆ.

1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ಒಂದು ಪುಟ್ಟ ದೃಶ್ಯವಿದೆ. ಸೂಪರ್‌ಮ್ಯಾನ್ ಆಗ ತಾನೇ ಕ್ಲಾರ್ಕ್‌ನ ಸಹೋದ್ಯೋಗಿ ಲೋಯಿಸ್ ಲೇನ್‌ಳನ್ನು ನಗರದ ಮೇಲೆಲ್ಲ ಹಾರಿಸಿಕೊಂಡು ಬಂದು ಮನೆಗೆ ಬಿಟ್ಟು ಹೋಗಿದ್ದಾನೆ. ಸ್ವಲ್ಪ ಹೊತ್ತಿಗೇ ಕ್ಲಾರ್ಕ್ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಲೋಯಿಸ್ ಇನ್ನೂ ಆಕಾಶದಲ್ಲೇ ಇದ್ದಾಳೆ, ಇವನು ಬಂದದ್ದು ಅವಳ ಮನಸ್ಸಿಗೆ ಇಳಿದೇ ಇಲ್ಲ. ಅವಳು ಒಳಕೋಣೆಗೆ ಹೋದಾಗ ಕ್ಲಾರ್ಕ್ ಕನ್ನಡಕ ತೆಗೆಯುತ್ತಾನೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಭುಜ ಬಿಚ್ಚಿಕೊಳ್ಳುತ್ತದೆ, ದನಿ ತಗ್ಗಿ ಗಟ್ಟಿಯಾಗುತ್ತದೆ. ನಿಮಗೊಂದು ವಿಷಯ ಹೇಳಬೇಕು ಎಂದು ಬಾಯಿ ತೆರೆಯುತ್ತಾನೆ. ಅವಳು ತಿರುಗಿ ಬರುವಷ್ಟರಲ್ಲಿ ಧೈರ್ಯ ಸಾಲುವುದಿಲ್ಲ. ಕನ್ನಡಕ ಮತ್ತೆ ಮೂಗಿನ ಮೇಲೆ ಬರುತ್ತದೆ, ಬೆನ್ನು ಕುಗ್ಗುತ್ತದೆ, ಮಾತು ತಡವರಿಸುತ್ತದೆ. ಅದೇ ಸೂಟು, ಅದೇ ಕೋಣೆ. ಬೇರೆ ಯಾವ ಚಮತ್ಕಾರವೂ ಇಲ್ಲದೆ ಕ್ರಿಸ್ಟಫರ್ ರೀವ್ ಎಂಬ ನಟ ನಮ್ಮ ಕಣ್ಣೆದುರೇ ಇಬ್ಬರಾಗುತ್ತಾನೆ. ನಾನು ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಎದೆ ಭಾರವಾಗುತ್ತದೆ.

ಬೀದಿಯ ಆ ತುದಿಯಿಂದ ಬರುವ ಪರಿಚಿತರನ್ನು ನಾವು ನಡಿಗೆ ನೋಡಿಯೇ ಗುರುತು ಹಿಡಿಯುತ್ತೇವಲ್ಲ? ಮುಖ ಕಾಣುವುದು ಆಮೇಲೆ. ಕ್ಲಾರ್ಕ್ ಬಚ್ಚಿಡುವುದು ಆ ನಡಿಗೆಯನ್ನು, ಆ ನಿಲುವನ್ನು. ಇನ್ನೊಂದು ಕಾರಣವನ್ನೂ ಗಮನಿಸಿ. ಸೂಪರ್‌ಮ್ಯಾನ್ ಮುಖವಾಡ ಹಾಕುವುದೇ ಇಲ್ಲ. ಮುಖ ಮುಚ್ಚಿಕೊಂಡವನನ್ನು ಕಂಡರೆ ಇವನು ಯಾರಿರಬಹುದು ಎಂದು ಜನ ಹುಡುಕುತ್ತಾರೆ. ಬರಿಮುಖದಲ್ಲಿ ಎದುರಿಗೆ ನಿಂತವನಿಗೆ ಇನ್ನೊಂದು ಹೆಸರಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಕನ್ನಡಕವನ್ನು ನಂಬಬಹುದು.

ಇನ್ನು ನಿಮ್ಮ ಮಗನ ವಾದ. ಅದಕ್ಕೆ ಬೆನ್ನಿಗೆ ನಿಲ್ಲುವವರು ಸಣ್ಣವರಲ್ಲ. 2004ರ ‘ಕಿಲ್ ಬಿಲ್’ ಎರಡನೆಯ ಭಾಗದಲ್ಲಿ ಕ್ವೆಂಟಿನ್ ಟ್ಯಾರಂಟಿನೊ ಈ ಮಾತನ್ನೇ ಬಿಲ್‌ನ ಬಾಯಲ್ಲಿ ಆಡಿಸಿದ್ದಾರೆ: ಉಳಿದ ನಾಯಕರು ಬೆಳಿಗ್ಗೆ ಎದ್ದು ವೇಷ ತೊಡಬೇಕು, ಸೂಪರ್‌ಮ್ಯಾನ್ ಹುಟ್ಟಿದ್ದೇ ಸೂಪರ್‌ಮ್ಯಾನ್ ಆಗಿ, ಅವನು ತೊಡುವ ವೇಷವೇ ಕ್ಲಾರ್ಕ್, ಅಂಜುಬುರುಕ ಕ್ಲಾರ್ಕ್ ಎಂದರೆ ಮನುಷ್ಯಕುಲದ ಬಗ್ಗೆ ಸೂಪರ್‌ಮ್ಯಾನ್‌ನ ಅಭಿಪ್ರಾಯ. 2005ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ನ ಕೊನೆಯಲ್ಲಿ ಬಾಲ್ಯದ ಗೆಳತಿ ರೇಚಲ್ ಬ್ರೂಸ್‌ನ ಕೆನ್ನೆ ಮುಟ್ಟಿ, ನಿನ್ನ ಮುಖವಾಡ ಇದು, ನಿಜವಾದ ಮುಖ ಪಾತಕಿಗಳು ಹೆದರುವ ಇನ್ನೊಂದು ಎನ್ನುತ್ತಾಳೆ. 1999ರಲ್ಲಿ ಶುರುವಾದ ‘ಬ್ಯಾಟ್‌ಮ್ಯಾನ್ ಬಿಯಾಂಡ್’ ಎಂಬ ಟೀವಿ ಕಾರ್ಟೂನಿನಲ್ಲಂತೂ ಮುದುಕನಾದ ಬ್ರೂಸ್‌ನ ತಲೆಯೊಳಗೆ ದನಿ ಹುಟ್ಟಿಸಿ ಹುಚ್ಚು ಹಿಡಿಸಲು ಖಳನೊಬ್ಬ ನೋಡುತ್ತಾನೆ. ಬ್ರೂಸ್ ಮೋಸಹೋಗುವುದಿಲ್ಲ. ಆ ದನಿ ಅವನನ್ನು ‘ಬ್ರೂಸ್’ ಎಂದು ಕರೆದಿತ್ತು; ಮನಸ್ಸಿನೊಳಗೆ ಅವನು ತನ್ನನ್ನು ಆ ಹೆಸರಿನಿಂದ ಕರೆದುಕೊಳ್ಳುವುದೇ ಇಲ್ಲ.

ಇಷ್ಟೆಲ್ಲ ಸಾಕ್ಷಿ ಇದ್ದರೂ ನಿಮ್ಮ ಮಗನ ಲೆಕ್ಕದಲ್ಲಿ ಒಬ್ಬ ತಪ್ಪಿಹೋಗಿದ್ದಾನೆ ಎಂಬುದು ನನ್ನ ನಂಬಿಕೆ. ಬಿಲ್ ಕೂಡ ಅವನನ್ನು ಮರೆತಿದ್ದಾನೆ. ಇರುವುದು ಇಬ್ಬರಲ್ಲ, ಮೂವರು.

ಸೂಪರ್‌ಮ್ಯಾನನ್ನು 1938ರಲ್ಲಿ ಕಾಮಿಕ್ಸ್ ಪುಟಕ್ಕೆ ತಂದವರು ಜೆರಿ ಸೀಗಲ್ ಮತ್ತು ಜೋ ಶುಸ್ಟರ್. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಳೆದ ಗೆಳೆಯರು, ಯಹೂದಿ ವಲಸಿಗರ ಮಕ್ಕಳು. ಅವರ ನಾಯಕನೂ ವಲಸಿಗನೇ, ಬೇರೆ ಗ್ರಹದಲ್ಲಿ ಹುಟ್ಟಿದವನು. ಹೆತ್ತವರು ಇಟ್ಟ ಹೆಸರು ಕಾಲ್-ಎಲ್. ಕ್ಲಾರ್ಕ್ ಎಂಬುದು ಸಾಕಿದವರು ಇಟ್ಟ ಹೆಸರು. ಪತ್ರಿಕಾ ಕಚೇರಿಯ ಪೆದ್ದ ಕ್ಲಾರ್ಕ್ ನಾಟಕ ಎಂಬುದು ನಿಜ. ಆದರೆ ಕ್ಯಾನ್ಸಾಸ್‌ನ ಹೊಲದ ನಡುವಿನ ಮನೆಯಲ್ಲಿ ಬೆಳೆದ ಕ್ಲಾರ್ಕ್? ಅದೇ 1978ರ ಚಿತ್ರದಲ್ಲಿ ಸಾಕಿದ ತಂದೆ ಹೃದಯಾಘಾತದಿಂದ ಕುಸಿದು ಸಾಯುತ್ತಾನೆ. ಇಷ್ಟು ಶಕ್ತಿಯಿದ್ದೂ ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಸಮಾಧಿಯ ಬಳಿ ನಿಂತು ಕೊರಗುವ ಹುಡುಗ ಯಾವ ವೇಷವನ್ನೂ ತೊಟ್ಟಿಲ್ಲ. ಮುಂದೆ ನಗರಕ್ಕೆ ಬಂದು ಕೆಲಸ ಸಿಕ್ಕ ದಿನವೇ ಅವನು ಸಂಪಾದಕನ ಬಳಿ ಒಂದು ಬೇಡಿಕೆ ಇಡುತ್ತಾನೆ: ಸಂಬಳದಲ್ಲಿ ಅರ್ಧವನ್ನು ವಾರವಾರ ಒಂದು ವಿಳಾಸಕ್ಕೆ ಕಳಿಸಬೇಕು. ಊರಲ್ಲಿ ನರೆಗೂದಲಿನ ಮುದಿತಾಯಿ ಇದ್ದಾಳೇನು ಎಂದು ಲೋಯಿಸ್ ಚುಚ್ಚುತ್ತಾಳೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಗುಟ್ಟು ಕಾಪಾಡಲು ಈ ಹಣ ಕಳಿಸುವ ಅಗತ್ಯವಿಲ್ಲ. ಬೆಟ್ಟ ಎತ್ತಬಲ್ಲವನು ಮನೆಖರ್ಚಿಗೆ ಅಮ್ಮನಿಗೆ ದುಡ್ಡು ಕಳಿಸುತ್ತಾನಲ್ಲ, ಅವನೇ ನಾನು ಹೇಳುವ ಮೂರನೆಯವನು.

ಬ್ರೂಸ್ ವೇನ್‌ನ ಕಥೆ ಇನ್ನಷ್ಟು ಸಿಕ್ಕುಸಿಕ್ಕು. ಹಗಲು ಸೋಮಾರಿ ಸಿರಿವಂತ, ರಾತ್ರಿ ಸಾಹಸಿ ಎಂಬ ಈ ಮಾದರಿ ಬ್ಯಾಟ್‌ಮ್ಯಾನ್ ಹುಟ್ಟಿದ 1939ಕ್ಕಿಂತ ಹಳೆಯದು. ಬ್ಯಾರನೆಸ್ ಆರ್ಕ್ಸಿಯ ‘ಸ್ಕಾರ್ಲೆಟ್ ಪಿಂಪರ್ನೆಲ್’ 1905ರ ಕಾದಂಬರಿ, ಜಾನ್‌ಸ್ಟನ್ ಮೆಕಲಿಯ ಜೋರೋ ಬಂದದ್ದು 1919ರಲ್ಲಿ. ಬ್ರೂಸ್‌ನ ಹೆತ್ತವರು ಕೊಲೆಯಾದ ರಾತ್ರಿ ಆ ಕುಟುಂಬ ನೋಡಿ ಬಂದ ಸಿನಿಮಾ ಜೋರೋನದೇ ಎಂದು ಕಾಮಿಕ್ಸ್‌ಗಳಲ್ಲಿ ಹೇಳುವ ವಾಡಿಕೆ ಬೆಳೆದದ್ದೂ ಆ ಋಣಕ್ಕೇ. ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ನಿರ್ದೇಶಿಸಿದ ಕ್ರಿಸ್ಟಫರ್ ನೋಲನ್ ಅದನ್ನು ಆಪೆರಾ ಮಾಡಿದರು.

ಅದೇ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ನಲ್ಲಿ ಬ್ರೂಸ್‌ನ ಹುಟ್ಟುಹಬ್ಬದ ಔತಣ ಇದೆ. ಮನೆ ತುಂಬ ಊರಿನ ದೊಡ್ಡ ಮನುಷ್ಯರು. ಆ ಗುಂಪಿನೊಳಗೇ ಕೊಲೆಗಡುಕರು ಸೇರಿಕೊಂಡಿದ್ದಾರೆಂದು ಅವನಿಗೊಬ್ಬನಿಗೇ ಗೊತ್ತಾಗುತ್ತದೆ. ಅತಿಥಿಗಳನ್ನು ಹೊರಗೆ ಕಳಿಸಬೇಕು, ಕಾರಣ ಹೇಳುವಂತಿಲ್ಲ. ಕುಡಿದವನಂತೆ ತೂರಾಡುತ್ತಾ ಗ್ಲಾಸು ಎತ್ತಿ, ನೀವೆಲ್ಲ ನನ್ನ ಹೆಂಡ ಕುಡಿಯಲು ಬಂದ ಹೊಗಳುಭಟರು, ಹೊರಡಿ ಎಂದು ಎಲ್ಲರನ್ನೂ ಅವಮಾನಿಸುತ್ತಾನೆ. ಜನ ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಾರೆ. ಒಬ್ಬ ಹಿರಿಯ ಅತಿಥಿ, ಅಂಥ ತಂದೆಗೆ ಇಂಥ ಮಗ ಎಂಬರ್ಥದ ಮಾತಾಡಿ ಹೋಗುತ್ತಾನೆ. ಅಷ್ಟೂ ಜನರ ಜೀವ ಉಳಿಯಿತು, ಅಪ್ಪನ ಹೆಸರು ಮಣ್ಣಾಯಿತು. ಇಲ್ಲಿ ಬ್ಯಾಟ್‌ಮ್ಯಾನ್‌ನ ಕವಚವಿಲ್ಲ. ಮೈಮೇಲೆ ಇರುವುದು ಸೋಮಾರಿ ಸಿರಿವಂತನ ವೇಷ. ಹಾಗಾದರೆ ಜನರನ್ನು ಕಾಪಾಡಿದವನು ಯಾರು? ಎರಡೂ ವೇಷಗಳನ್ನು ಬೇಕಾದಂತೆ ಬಳಸುವ ಮೂರನೆಯವನೊಬ್ಬ ಇದ್ದಾನೆ ಎನ್ನದೆ ಈ ದೃಶ್ಯಕ್ಕೆ ಅರ್ಥ ಹಚ್ಚಲಾಗದು. ಅವನನ್ನು ಕಂಡಿರುವುದು ಮುಖ್ಯವಾಗಿ ಆಲ್ಫ್ರೆಡ್, ಅಪ್ಪ ಅಮ್ಮ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದ ಮನೆವಾರ್ತೆಯವನು. ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳುವಾಗ, ಬೈಸಿಕೊಳ್ಳುವಾಗ ಬ್ರೂಸ್ ಅವನೆದುರು ಏನನ್ನೂ ನಟಿಸುವುದಿಲ್ಲ.

ಗಮನಿಸಿದರೆ, ಈ ನಾಯಕರೆಲ್ಲ ತಬ್ಬಲಿಗಳು. ಕ್ಲಾರ್ಕ್‌ಗೆ ಸಾಕುತಾಯಿ ಮಾರ್ಥಾ, ಬ್ರೂಸ್‌ಗೆ ಆಲ್ಫ್ರೆಡ್, ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್‌ಗೆ ಚಿಕ್ಕಮ್ಮ ಮೇ. 2006ರ ಹಿಂದಿ ‘ಕ್ರಿಶ್’ನಲ್ಲಿ ಅಜ್ಜಿಗೆ ಕೊಟ್ಟ ಮಾತು ಮುರಿಯದೆ ಮಕ್ಕಳನ್ನು ಬೆಂಕಿಯಿಂದ ಪಾರುಮಾಡಲು ಹುಡುಗ ನೆಲದ ಮೇಲೆ ಬಿದ್ದ ಒಡಕು ಮುಖವಾಡ ಎತ್ತಿ ಹಾಕಿಕೊಳ್ಳುತ್ತಾನೆ. ಮೂರನೆಯವನು ಉಸಿರಾಡುವುದು ಬೆಳೆಸಿದವರ ಎದುರಿನಲ್ಲಿ.

ನಮ್ಮ ಮಹಾಭಾರತದ ವಿರಾಟಪರ್ವ ಇಲ್ಲಿ ನೆನಪಾಗದೆ ಇರದು. ಅಜ್ಞಾತವಾಸದ ವೇಷದಲ್ಲಿರುವ ಬೃಹನ್ನಳೆಯೇ ಅರ್ಜುನ ಎಂದು ಉತ್ತರಕುಮಾರ ನಂಬುವುದಿಲ್ಲ, ಅರ್ಜುನನಾದರೆ ಹತ್ತು ಹೆಸರು ಹೇಳು ಎನ್ನುತ್ತಾನೆ. ಧನವನ್ನು ಗೆದ್ದದ್ದಕ್ಕೆ ಧನಂಜಯ, ಎರಡೂ ಕೈಯಲ್ಲಿ ಬಿಲ್ಲೆಳೆಯುವುದರಿಂದ ಸವ್ಯಸಾಚಿ ಎಂದು ಅರ್ಜುನ ಒಂದೊಂದನ್ನೂ ಬಿಡಿಸಿ ಹೇಳುತ್ತಾ ಬರುತ್ತಾನೆ. ಹತ್ತನೆಯದು ಕೃಷ್ಣ. ಅದು ಯಾವ ಪರಾಕ್ರಮಕ್ಕೂ ಬಂದದ್ದಲ್ಲ. ಕಪ್ಪಗಿದ್ದ ಕೂಸಿಗೆ ಅಪ್ಪ ಮುದ್ದಿನಿಂದ ಇಟ್ಟದ್ದು.

ಸಿನಿಮಾಕ್ಕೆ ಮುಖವಾಡದಿಂದ ಒಂದು ಕಷ್ಟವೂ ಇದೆ. ಮುಖ ಮುಚ್ಚಿದರೆ ನಟನ ಕೈ ಕಟ್ಟಿದಂತೆ. ಬ್ಯಾಟ್‌ಮ್ಯಾನ್‌ಗಾದರೂ ಬಾಯಿ, ಗಲ್ಲ ಬಯಲಾಗಿರುತ್ತದೆ. ‘ಐರನ್ ಮ್ಯಾನ್’ (2008) ಮಾಡಿದವರು ಕ್ಯಾಮೆರಾವನ್ನೇ ಶಿರಸ್ತ್ರಾಣದೊಳಗೆ ತಂದರು. ಕೊನೆಗೆ ನಾಯಕ ಪತ್ರಕರ್ತರ ಮುಂದೆ ಗುಟ್ಟನ್ನೇ ಬಿಟ್ಟುಕೊಟ್ಟ. ಮುಖವಿಡೀ ಮುಚ್ಚುವ ಸ್ಪೈಡರ್‌ಮ್ಯಾನ್‌ಗೆ ಮುಖವಾಡ ಹರಿಯುವುದೇ ದಾರಿ. ಸ್ಯಾಮ್ ರೈಮಿಯ ‘ಸ್ಪೈಡರ್‌ಮ್ಯಾನ್ 2’ (2004) ಈ ಕಷ್ಟವನ್ನೇ ಸೊಬಗಾಗಿಸಿತು. ಓಡುವ ರೈಲನ್ನು ಮೈಯೊಡ್ಡಿ ನಿಲ್ಲಿಸಿದ ಪೀಟರ್ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಮುಖ ಬಯಲಾಗಿದೆ. ಪ್ರಯಾಣಿಕರು ಅವನನ್ನು ಕೈಯಿಂದ ಕೈಗೆ ಸಾಗಿಸಿ ಮಲಗಿಸುತ್ತಾರೆ. ನನ್ನ ಮಗನ ವಯಸ್ಸಿನವನು ಎಂದು ಒಬ್ಬ ಬೆರಗಾಗುತ್ತಾನೆ. ಇಬ್ಬರು ಹುಡುಗರು ಮುಖವಾಡ ತಂದುಕೊಟ್ಟು, ಯಾರಿಗೂ ಹೇಳುವುದಿಲ್ಲ ಎನ್ನುತ್ತಾರೆ. ಒಂದು ಬೋಗಿಯಷ್ಟು ಜನ ಆ ಕ್ಷಣಕ್ಕೆ ಅವನ ಮನೆಯವರಾದರು.

ಅದಕ್ಕೇ 2021ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ನ ಕೊನೆ ನನ್ನನ್ನು ಅಷ್ಟು ಕಲಕಿತು. ಮೇ ಸತ್ತಿದ್ದಾಳೆ. ಪೀಟರ್ ಪಾರ್ಕರ್ ಯಾರೆಂಬುದೇ ಮಂತ್ರದ ಬಲದಿಂದ ಲೋಕಕ್ಕೆಲ್ಲ ಮರೆತುಹೋಗಿದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಅವನು ಗೆಳತಿ ಎಂ.ಜೆ. ಕೆಲಸ ಮಾಡುವ ಅಂಗಡಿಗೆ ಹೋಗುತ್ತಾನೆ. ಅವಳ ಹಣೆಯ ಮೇಲಿನ ಪಟ್ಟಿ ಕಣ್ಣಿಗೆ ಬೀಳುತ್ತದೆ, ತನ್ನ ಜಗಳದಲ್ಲಿ ಆದ ಗಾಯ. ಚೀಟಿ ತೆಗೆಯದೆ, ಕಾಫಿ ತೆಗೆದುಕೊಂಡು ಹೊರಟುಬಿಡುತ್ತಾನೆ. ಬೀದಿಬೀದಿಯ ಜನಕ್ಕೆ ಸ್ಪೈಡರ್‌ಮ್ಯಾನ್ ಗೊತ್ತು, ಪೀಟರನನ್ನು ಬಲ್ಲವರು ಒಬ್ಬರೂ ಉಳಿದಿಲ್ಲ.

1978ರಲ್ಲಿ ಲೋಯಿಸ್‌ಳ ಕೋಣೆಯಲ್ಲಿ ಕ್ಲಾರ್ಕ್ ನುಂಗಿಕೊಂಡ ಮಾತನ್ನೇ ಇವನೂ ನುಂಗಿಕೊಂಡ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಎರಡು ದೃಶ್ಯಗಳನ್ನು ಒಂದಾದ ಮೇಲೊಂದು ನೋಡಿ. ಬಾಯಿಗೆ ಬಂದ ಮಾತನ್ನು ತಡೆದವನು ಮುಖವಾಡದವನೋ, ಕನ್ನಡಕದವನೋ, ಅವನನ್ನೇ ಕೇಳಿ. ಏನೆಂದ ಎಂದು ನನಗೂ ಬರೆದು ತಿಳಿಸಿ.