ಹಂಪಿಯ ಗೋಡೆಯಾಚೆ ಒಂದು ದಿನದ ಸರ್ವೆ

ಹಂಪಿ ಅಂದ ಕೂಡಲೇ ಕಣ್ಮುಂದೆ ಬರೋದು ಕಲ್ಲಿನ ರಥ, ವಿರೂಪಾಕ್ಷನ ಗೋಪುರ, ಕಮಲ ಮಹಲ್. ಆದರೆ ಆ ರಾಜಧಾನಿಗೆ ಅನ್ನ, ನೀರು, ಕಲ್ಲು ಒದಗಿಸಿದ ಜಾಗಗಳಲ್ಲಿ ಬಹುಪಾಲು ಕೋಟೆಗೋಡೆಯ ಹೊರಗಿದ್ದವು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ನಗರದ ನಡುಭಾಗವನ್ನು ಅಳೆದು ನಕ್ಷೆ ಮಾಡಿದರು. ಆ ದಶಕದ ಕೊನೆಗೆ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಹೊರವಲಯದ ಸರ್ವೆಗೆ ಇಳಿದರು. 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದ ಆ ಕೆಲಸದ ಮುಖ್ಯ ಉಪಕರಣ ಏನು ಗೊತ್ತಾ? ಕಾಲು.

ವಿಧಾನ ಸರಳ. ಬೆಳಿಗ್ಗೆ ತಂಡದವರು 20 ಮೀಟರ್‌ಗೆ ಒಬ್ಬರಂತೆ ಸಾಲಾಗಿ ನಿಲ್ತಾರೆ. ದಿಕ್ಸೂಚಿ ತೋರಿಸಿದ ಕಡೆ ನೇರವಾಗಿ ನಡೆಯಬೇಕು. ಮುಳ್ಳು ಬರಲಿ, ಬಂಡೆ ಬರಲಿ, ಸುತ್ತು ಹಾಕಿ ಮತ್ತೆ ಅದೇ ಗೆರೆಗೆ ಬರಬೇಕು. ಐದು ಜನ ಅಂದ್ರೆ 100 ಮೀಟರ್ ಪಟ್ಟಿ. ಒಂದು ಚದರ ಕಿಲೋಮೀಟರ್ ಮುಗಿಸೋಕೆ ಪ್ರತಿಯೊಬ್ಬರೂ 10 ಕಿಲೋಮೀಟರ್ ನಡೀಬೇಕು.

ಈಗ ಇಂಜಿನಿಯರ್ ತಲೆ ಓಡಿಸಿ. ನೆಲದ ಮೇಲಿನ ಬೋಕಿ, ಅಂದ್ರೆ ಮಡಕೆ ಚೂರು, ನಡೆಯುವವನ ಎರಡೂ ಬದಿ ಎರಡೆರಡು ಮೀಟರ್ ಒಳಗೆ ಮಾತ್ರ ಕಾಣುತ್ತೆ ಅಂತಿಟ್ಟುಕೊಳ್ಳಿ. 20ರಲ್ಲಿ 4, ಅಂದ್ರೆ ಶೇಕಡಾ 20ರಷ್ಟು ನೆಲವನ್ನಷ್ಟೇ ನಾವು ನಿಜಕ್ಕೂ ನೋಡಿದ್ದು. ಕೆರೆಯ ಏರಿ ತಪ್ಪಿಸಿಕೊಳ್ಳಲ್ಲ, ಬೋಕಿಗಳ ಸಣ್ಣ ಗುಂಪು ತಪ್ಪಿಸಿಕೊಳ್ಳಬಹುದು. ಹಾಗಾಗಿ ‘ಏನೂ ಸಿಗಲಿಲ್ಲ’ ಅಂತ ಬರೆದರೆ ಸಾಲದು. ಕೊಯ್ಲಾದ ಜೋಳದ ಹೊಲದಲ್ಲಿ ಸಿಗಲಿಲ್ಲವೋ, ಬಾಳೆತೋಟದಲ್ಲಿ ನೆಲವೇ ಕಾಣಲಿಲ್ಲವೋ? ಎರಡೂ ಸೊನ್ನೆಯೇ, ಆದರೆ ಅರ್ಥ ಬೇರೆ. ನನ್ನ ಪ್ರಕಾರ ಸರ್ವೆ ಪುಸ್ತಕದ ಅತ್ಯಂತ ಪ್ರಾಮಾಣಿಕ ಕಾಲಮ್ ಈ ‘ನೆಲ ಎಷ್ಟು ಕಾಣ್ತಿತ್ತು’ ಅನ್ನೋದೇ.

ಬೇಗ ಹೊರಡೋದು ಬಿಸಿಲಿಗೆ ಹೆದರಿ ಮಾತ್ರ ಅಲ್ಲ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಮೊಣಕಾಲೆತ್ತರದ ಗೋಡೆಯ ಸಾಲಿಗೂ ನೆರಳಿರುತ್ತೆ. ಮಧ್ಯಾಹ್ನ ಅದೇ ಜಾಗ ಬರೀ ಕಲ್ಲುರಾಶಿ.

ಬಂಡೆಗಳನ್ನೂ ಓದಬಹುದು. ಅಂಚಿನಲ್ಲಿ ಸಾಲಾಗಿ ಚೌಕಾಕಾರದ ಗುಳಿಗಳಿದ್ದರೆ ಉಳಿಯಿಂದ ತೋಡಿ, ಬೆಣೆ ಹೊಡೆದು ಸೀಳಿದ್ದು. ಉದ್ದುದ್ದ ದುಂಡು ತೂತಿನ ಅರ್ಧಭಾಗ ಕಂಡರೆ ಅದು ಡ್ರಿಲ್, ನಮ್ಮ ಕಾಲದ್ದು. ಹಾಸುಬಂಡೆ ಮೇಲೆ ಕ್ರಮವಾಗಿ ಕಂಬದ ಗುಳಿಗಳಿದ್ದರೆ ಒಂದು ಕಾಲಕ್ಕೆ ಅಲ್ಲಿ ಚಪ್ಪರವೋ ಮನೆಯೋ ಇತ್ತು.

ಹೊಲದ ನಡುವೆ ಎರಡು ಕಲ್ಲುಕಂಬ, ಅವಕ್ಕೆ ಅಡ್ಡಪಟ್ಟಿ ಕಂಡರೆ ಗುಡಿಯ ಬಾಗಿಲು ಅಂದುಕೊಳ್ಳಬೇಡಿ. ಸುತ್ತ ನೋಡಿ. ಪಕ್ಕದಲ್ಲೇ ಮಣ್ಣಿನ ದಿಬ್ಬ ಉದ್ದಕ್ಕೆ ಹೋಗಿದ್ದು, ಅದರ ಒಂದು ಮೈಗೆ ಕಲ್ಲು ಕಟ್ಟಿದ್ದರೆ ಅದು ಕೆರೆಯ ಏರಿ, ಈ ಕಂಬಗಳು ತೂಬು. ಕಲ್ಲು ಕಟ್ಟಿದ್ದು ನೀರಿನ ಕಡೆಗೆ. ಈಗ ನೀವು ನಿಂತಿರೋದು ಹೂಳು ತುಂಬಿದ ಕೆರೆಯಂಗಳದಲ್ಲಿ! ಏರಿಯ ಎತ್ತರ, ತೂಬಿನ ಮಟ್ಟ, ಕೋಡಿಯ ಮಟ್ಟ ಲೆವೆಲಿಂಗ್‌ನಲ್ಲಿ ತೆಗೆದರೆ ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು ಅಂತ ಅಂದಾಜು ಹಾಕಬಹುದು. ಎರಡನೇ ಸೆಮ್‌ನಲ್ಲೋ ಮೂರನೇದರಲ್ಲೋ ಬೈದುಕೊಂಡು ಕಲಿತ ಕೆಲಸವೇ ಇದು.

ಬೋಕಿ ಸಿಕ್ಕರೆ ಜೇಬಿಗೆ ಹಾಕಬೇಡಿ. ಅದರ ಬೆಲೆ ಇರೋದು ಬಿದ್ದಿರುವ ಜಾಗದಲ್ಲಿ. ಹಾಸ್ಟೆಲ್ ಮೇಜಿನ ಮೇಲೆ ಅದು ಬರೀ ಹೆಂಚಿನ ಚೂರು.

ಇಷ್ಟೆಲ್ಲ ಯಾಕೆ ಅಂದ್ರೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಅಂತ ಕಾನೂನಿದೆ. ಪಟ್ಟಿಯಲ್ಲೇ ಇಲ್ಲದ ಒಡೆದ ಏರಿಗೆ ಆ ರಕ್ಷಣೆ ಸಿಗಲ್ಲ. ಹೊಲ ಸಮ ಮಾಡೋಕೆ ಬಂದ ಜೆಸಿಬಿಗೆ ಅದು ಅರ್ಧ ದಿನದ ಕೆಲಸ, ರೈತನಿಗೂ ಅದು ಅಡ್ಡಿಯೇ. ಆಮೇಲೆ ಉಳಿಯೋದು ಯಾರಾದರೂ ಬರೆದಿಟ್ಟ ಅಳತೆ ಮಾತ್ರ.

ರಜೆಗೆ ಊರಿಗೆ ಹೋದಾಗ ಹಳೇ ತೂಬು ಕಂಡರೆ ಒಂದು ಫೋಟೋ, ದಿನಾಂಕ, ಅಕ್ಷಾಂಶ, ರೇಖಾಂಶ ಬರೆದಿಡಿ. ಮೊಬೈಲ್ ಜಿಪಿಎಸ್ ಬಯಲಲ್ಲೇ ಐದಾರು ಮೀಟರ್ ಆಚೀಚೆ ತೋರಿಸುತ್ತೆ, ದೊಡ್ಡ ಬಂಡೆಗಳ ಸಂದಿಯಲ್ಲಿ ಇನ್ನೂ ಜಾಸ್ತಿ, ಅದನ್ನೂ ನಮೂದಿಸಿ. ಫೋಟೋದಲ್ಲಿ ಅಳತೆಗೆ ಸ್ಕೇಲ್ ಇಲ್ಲದಿದ್ರೆ ಪೆನ್ ಆದರೂ ಇಡಿ. ಊರಿನ ಹಿರಿಯರನ್ನು ಆ ಕೆರೆಯ ಹೆಸರು ಕೇಳೋದು ಮರೀಬೇಡಿ.