ಡೇರಿಯಲ್ಲಿ ಕಟ್ಟಿದ ಹಣಕ್ಕೆ ರಸೀದಿ ಇಟ್ಟುಕೊಂಡಿದ್ದೀರಾ?

ಹೊರಗಿನವರು ಬಂದು ಆರೋಗ್ಯ ವಿಮೆ ಮಾಡಿಸಿ ಎಂದರೆ ಹಳ್ಳಿಯ ಜನ ಸುಲಭಕ್ಕೆ ಹಣ ಬಿಚ್ಚುವುದಿಲ್ಲ. ಅದೇ ಮಾತನ್ನು ದಿನಾ ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ ಬರೆದುಕೊಳ್ಳುವ ಡೇರಿ ಕಾರ್ಯದರ್ಶಿ ಹೇಳಲಿ, "ಬಟವಾಡೆಯಲ್ಲಿ ಹಿಡ್ಕೊಳ್ಳಿ" ಎಂದುಬಿಡುತ್ತಾರೆ. ಸಹಕಾರಿ ಸದಸ್ಯರಿಗಾಗಿ 2003ರ ಜೂನ್‌ನಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಜಾರಿಗೆ ಬಂದಾಗ, ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ದು ಹೆಚ್ಚಾಗಿ ಈ ನಂಬಿಕೆಯಿಂದಲೇ. ಸೇರುವ ಮುನ್ನ ವೈದ್ಯಕೀಯ ತಪಾಸಣೆಯ ತಕರಾರಿರಲಿಲ್ಲ. ಪಕ್ಕದ ಮನೆಯವರಿಗೆ ಸಾಲ ಮಾಡದೆ ಆಪರೇಷನ್ ಆಯಿತು ಎಂಬ ಸುದ್ದಿ ಉಳಿದವರನ್ನೂ ಕರೆತಂದಿತು.

2018ರಲ್ಲಿ ನಿಂತಿದ್ದ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮರುಜಾರಿಯಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆ ನಿಗದಿಯಾಯಿತು. ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ.

ನಂಬಿಕೆ ದೊಡ್ಡದು, ನಿಜ. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವುದು ಕಾಗದವನ್ನು. ಬಟವಾಡೆಯಲ್ಲಿ ಹಣ ಹಿಡಿದ ಮಾತ್ರಕ್ಕೆ ನೋಂದಣಿ ಆಯಿತೆಂದು ಸುಮ್ಮನಿರಬೇಡಿ. ರಸೀದಿ ಕೇಳಿ ಪಡೆಯಿರಿ. ಕಾರ್ಡಿನಲ್ಲಿ ಮನೆಯ ಪ್ರತಿಯೊಬ್ಬರ ಹೆಸರೂ ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ. ಸೊಸೆ ಬಂದಿದ್ದರೆ, ಮಗು ಹುಟ್ಟಿದ್ದರೆ ಮುಂದಿನ ನೋಂದಣಿಯಲ್ಲಿ ಸೇರಿಸಲು ಮರೆಯಬೇಡಿ. ಹಾಸಿಗೆ ಹಿಡಿಯುವ ಮೊದಲೇ ಆಸ್ಪತ್ರೆ ಯೋಜನೆಯ ಜಾಲದಲ್ಲಿದೆಯೇ, ಆ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಎಲ್ಲ ಕಾಯಿಲೆಗೂ ಯಶಸ್ವಿನಿ ಆಗುತ್ತದೆ ಎಂಬ ತಪ್ಪು ತಿಳಿವಳಿಕೆಯಿಂದಲೇ ಅರ್ಧಕ್ಕರ್ಧ ಜಗಳಗಳು ಹುಟ್ಟುತ್ತವೆ.

ಪಟ್ಟಿಯಲ್ಲಿರುವ ಚಿಕಿತ್ಸೆಗೂ ಆಸ್ಪತ್ರೆ ಹಣ ಕೇಳಿದರೆ? ಕೊಡಲೇಬೇಕಾಗಿ ಬಂದರೆ ಪ್ರತಿ ಪೈಸೆಗೂ ಬಿಲ್ ತೆಗೆದುಕೊಳ್ಳಿ. ಯೋಜನೆಯಡಿ ಚಿಕಿತ್ಸೆಯನ್ನು ತಿರಸ್ಕರಿಸಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲ ದೂರು ಯಶಸ್ವಿನಿ ಟ್ರಸ್ಟ್‌ಗೆ, ಒಂದು ಪ್ರತಿ ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರಿಗೆ. ಖಾಸಗಿ ಆಸ್ಪತ್ರೆಯ ನಡವಳಿಕೆಯ ಬಗ್ಗೆ ದೂರಿದ್ದರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ.

ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಅಲೆಯಬೇಡಿ. ಅದು ವಿಮಾ ಕಂಪನಿಗಳ ಮೇಲಿನ ದೂರುಗಳಿಗೆ ಇರುವಂಥದ್ದು, ಯಶಸ್ವಿನಿಯನ್ನು ನಡೆಸುವುದು ಟ್ರಸ್ಟ್. ಆಸ್ಪತ್ರೆಯ ಸೇವಾನ್ಯೂನತೆಗೆ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ವೈದ್ಯಕೀಯ ವೆಚ್ಚವನ್ನು ವಿಮೆ ಭರಿಸಿದರೂ ರೋಗಿ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಹಣ ಪಡೆದು ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಪಡೆದವರಿಗೂ ಆ ತೀರ್ಪು ರಕ್ಷಣೆ ಕೊಟ್ಟಿದೆ. ವಂತಿಗೆ ನಾವು ಕಟ್ಟಿಲ್ಲವಲ್ಲ ಎಂದು ಪರಿಶಿಷ್ಟ ಕುಟುಂಬಗಳು ಹಿಂಜರಿಯಬೇಕಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಸೇವೆಗೆ ತೆತ್ತ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ವಕೀಲರು ಬೇಕೆನಿಸಿದರೆ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟರು ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿಗೆ ಅರ್ಹರು.