ಸಸ್ಯಸಾರ ಮತ್ತು ಸ್ತನ ಕ್ಯಾನ್ಸರ್ ಕೋಶ: ಒಂಬತ್ತನೇ ತರಗತಿಗೆ ಒಂದು ಪಾಠ

ವಿಷಯದ ಆಯ್ಕೆ: ಬೋಧನಾಭ್ಯಾಸಕ್ಕಾಗಿ ನನ್ನನ್ನು ಭದ್ರಾವತಿಯ ಪ್ರೌಢಶಾಲೆಯೊಂದಕ್ಕೆ ನಿಯೋಜಿಸಲಾಗಿತ್ತು. ‘ಜೀವಕೋಶ’ ಘಟಕ ಮುಗಿದ ಮೇಲೆ, ಎರಡು ಅವಧಿಗಳನ್ನು ಒಟ್ಟಿಗೆ ಪಡೆದು ಈ ಪಾಠ ಮಾಡಿದೆ. ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟ ಇದೇ ತಾಲ್ಲೂಕಿನಲ್ಲಿದೆ. ಸಸ್ಯಸಾರಗಳನ್ನು ಪರೀಕ್ಷಿಸುವ ಸಂಶೋಧನೆ ಅಲ್ಲಿ ನಡೆಯುತ್ತ ಬಂದಿದೆ. ಜೊತೆಗೆ, ‘ಈ ಗಿಡ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ’ ಎಂಬ ಸಂದೇಶ ಮಕ್ಕಳ ಮನೆಯ ಮೊಬೈಲಿಗೆ ಮತ್ತೆ ಮತ್ತೆ ಬರುತ್ತದೆ. ಅಂಥ ವಾಕ್ಯವನ್ನು ಪ್ರಶ್ನಿಸಿ ಓದುವುದನ್ನು ಕಲಿಸುವುದೇ ಪಾಠದ ನಿರ್ದಿಷ್ಟ ಉದ್ದೇಶ.

ಚಟುವಟಿಕೆ: ನಾಲ್ಕು ಬಾಟಲಿಗಳಲ್ಲಿ ಉಗುರುಬೆಚ್ಚಗಿನ ನೀರು, ಒಂದೊಂದು ಚಮಚ ಸಕ್ಕರೆ, ಅರ್ಧರ್ಧ ಚಮಚ ಬೇಕರಿಯ ಯೀಸ್ಟ್ ಹಾಕಿಸಿದೆ. ಮೊದಲನೆಯದಕ್ಕೆ ಉಪ್ಪಿಲ್ಲ, ಉಳಿದವಕ್ಕೆ ಕ್ರಮವಾಗಿ ಅರ್ಧ, ಒಂದು, ಮೂರು ಚಮಚ ಉಪ್ಪು. ಬಾಯಿಗೆ ಬಲೂನು ಕಟ್ಟಿ ಪಕ್ಕಕ್ಕಿಟ್ಟೆವು.

ವಿಷಯ ನಿರೂಪಣೆ: ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಸ್ತನ ಕ್ಯಾನ್ಸರ್ ಕೋಶಗಳ ಹೆಸರು ಎಂಸಿಎಫ್-7. ಅಮೆರಿಕದ ಮಿಶಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ 69 ವರ್ಷದ ರೋಗಿಯೊಬ್ಬರಿಂದ ಪಡೆದ ಈ ಕೋಶಗಳ ವಿವರ 1973ರಲ್ಲಿ ಪ್ರಕಟವಾಯಿತು. ಅವುಗಳ ಪೀಳಿಗೆ ಇಂದಿಗೂ ಬೆಳೆಯುತ್ತಿದೆ. 96 ಗುಳಿಗಳ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿ, ಬೇರೆ ಬೇರೆ ಪ್ರಮಾಣದ ಸಸ್ಯಸಾರ ಹಾಕುತ್ತಾರೆ. ಬಳಿಕ ಎಂಟಿಟಿ ಎಂಬ ಹಳದಿ ವಸ್ತು ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ನೇರಳೆ ಕಡಿಮೆಯಾದಷ್ಟೂ ಬದುಕಿರುವ ಕೋಶ ಕಡಿಮೆ ಎಂದು ಲೆಕ್ಕ. ಈ ಅಳತೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣವೇ ಐಸಿ50.

ಈ ಹೊತ್ತಿಗೆ ಉಪ್ಪಿಲ್ಲದ ಬಾಟಲಿಯ ಬಲೂನು ಉಬ್ಬಿತ್ತು. ಮೂರು ಚಮಚ ಉಪ್ಪಿನದು ಜೋತುಬಿದ್ದಿತ್ತು. ‘ಉಪ್ಪು ಯೀಸ್ಟನ್ನು ತಡೆಯಿತು. ಹಾಗಾದರೆ ಉಪ್ಪು ಔಷಧಿಯೇ?’ ಎಂದು ಕೇಳಿದೆ. ‘ಅಷ್ಟು ಉಪ್ಪು ಕುಡಿದರೆ ನಮಗೇ ವಾಂತಿ ಆಗುತ್ತೆ’ ಎಂದ ಒಬ್ಬ ಹುಡುಗ. ಪಾಠದ ತಿರುಳು ಅವನ ಬಾಯಿಂದಲೇ ಬಂತು. ಮೂರು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: ಆರೋಗ್ಯವಂತ ಕೋಶಕ್ಕೆ ಏನಾಗುತ್ತದೆ? ಎಷ್ಟು ಪ್ರಮಾಣದಲ್ಲಿ? ಮನುಷ್ಯರಲ್ಲಿ ಪರೀಕ್ಷೆಯಾಗಿದೆಯೇ?

ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ. ಆದರೆ ತಿಂದಾಗ ರಕ್ತಕ್ಕೆ ಸೇರುವುದು ಅತ್ಯಲ್ಪ. ಇದಕ್ಕೆ ಎದುರಾಗಿ, ಪೆಸಿಫಿಕ್ ಯೂ ಮರದ ತೊಗಟೆಯಿಂದ ದೊರೆತ ಪ್ಯಾಕ್ಲಿಟ್ಯಾಕ್ಸೆಲ್ ನಿಜವಾದ ಔಷಧಿಯಾಯಿತು. ತೊಗಟೆ ಸಂಗ್ರಹಿಸಿದ್ದು 1962ರಲ್ಲಿ, ರಚನೆ ಪ್ರಕಟವಾದದ್ದು 1971ರಲ್ಲಿ, ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಆ ಮರದ ಎಲೆ ವಿಷಕಾರಿ. ರೋಗಿಗೆ ಕೊಡುವುದು ಶುದ್ಧೀಕರಿಸಿದ, ಅಳೆದ ಔಷಧಿಯನ್ನು. ಗಿಡದಲ್ಲಿ ಗುಣವಿಲ್ಲವೆಂದಲ್ಲ, ತಟ್ಟೆಯಿಂದ ರೋಗಿಯವರೆಗಿನ ದಾರಿ ದೂರ ಎಂದು ಮಕ್ಕಳಿಗೆ ವಿವರಿಸಿದೆ.

ಒಂದು ಪ್ರಶ್ನೆ: ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ಬಂದು, ‘ಮೇಡಂ, ನಮ್ಮ ದೊಡ್ಡಮ್ಮನಿಗೆ ಎದೆಯಲ್ಲಿ ಗಂಟಾಗಿದೆ. ಡಾಕ್ಟ್ರು ಬೇಡ, ಕಷಾಯ ಸಾಕು ಅಂತಾರೆ’ ಎಂದಳು. ಕಷಾಯವನ್ನು ಹೀಗಳೆದರೆ ಆ ಮಾತು ಮನೆಯೊಳಗೆ ಹೋಗುವುದಿಲ್ಲ. ‘ಎಲ್ಲ ಗಂಟೂ ಕ್ಯಾನ್ಸರ್ ಅಲ್ಲಮ್ಮ. ಆದರೆ ಅದು ಯಾವ ಗಂಟು ಅಂತ ಕಷಾಯ ಹೇಳಲ್ಲ, ಪರೀಕ್ಷೆ ಹೇಳುತ್ತೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಈ ವಾರವೇ ತೋರಿಸಿ. ಕಷಾಯದ ವಿಷಯವನ್ನೂ ಡಾಕ್ಟರಿಗೆ ಮುಚ್ಚಿಡಬೇಡಿ’ ಎಂದೆ. ತರಗತಿ ಶಿಕ್ಷಕಿಯವರಿಗೂ ತಿಳಿಸಿದೆ. ಅವರು ಅಂದೇ ಹುಡುಗಿಯ ತಾಯಿಗೆ ಫೋನ್ ಮಾಡಿದರು. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಇಂಥ ಪ್ರಶ್ನೆ ಬರುತ್ತದೆಂದೇ ತಿಳಿದು, ಯಾರಿಗೆ ತಿಳಿಸಬೇಕೆಂಬುದನ್ನು ಪಾಠಯೋಜನೆಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಮೌಲ್ಯಮಾಪನ: ‘ಸಸ್ಯಸಾರವೊಂದು ಎಂಸಿಎಫ್-7 ಕೋಶಗಳನ್ನು ಕೊಂದಿತು’ ಎಂಬ ವಾಕ್ಯ ಕೊಟ್ಟು, ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಎರಡು ಕಾಲಮ್ಮುಗಳಲ್ಲಿ ಬರೆಯಲು ಹೇಳಬೇಕು. ಎರಡನೇ ಕಾಲಮ್ಮಿನಲ್ಲಿ ಕನಿಷ್ಠ ಎರಡು ಅಂಶ ಬರೆದವರು ಪಾಠದ ಉದ್ದೇಶವನ್ನು ಮುಟ್ಟಿದ್ದಾರೆಂದು ತಿಳಿಯಬಹುದು.

ಗೃಹಪಾಠ: ಮನೆಯ ಮೊಬೈಲಿಗೆ ಬಂದ ಒಂದು ಆರೋಗ್ಯ ಸಂದೇಶವನ್ನು ಬರೆದು ತಂದು, ಮೂರು ಪ್ರಶ್ನೆಗಳಿಂದ ಪರಿಶೀಲಿಸುವುದು.